ವಿಡಿಯೋ ಸಂಕಲನದ ಮನೆ ಬದಲಾವಣೆ

(ಮಿಯಾಪುರದ ನಮ್ಮ ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತನಾಡುವವರು ಸಾಧಾರಣವಾಗಿ ಸಾಹಿತ್ಯ ಬಲ್ಲವರು, ವಚನಗಳನ್ನು ಓದಿಕೊಂಡವರು. ಮೆಟ್ರಿಕ್ ಮುಗಿಸಿ ಮಿಲ್ಲಿನ ಸ್ಟೋರ್ಸಿನಲ್ಲಿ ಲೆಕ್ಕ ಬರೆಯುವ ನನ್ನನ್ನು ಇಂದು ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಕಳೆದ ಕೆಲವು ತಿಂಗಳಿಂದ ನಮ್ಮ ವಾಚನಾಲಯಕ್ಕೆ ಬರುವ ಯುವಕರಲ್ಲಿ ನಾಲ್ಕಾರು ಮಂದಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ: “ಅಣ್ಣಾ, ಒಂದು ಪ್ರೋಗ್ರಾಮಿನಲ್ಲಿ ಎಡಿಟ್ ಮಾಡಿದ ವಿಡಿಯೋವನ್ನು ಇನ್ನೊಂದು ಪ್ರೋಗ್ರಾಮಿನಲ್ಲಿ ತೆರೆದು ಕೆಲಸ ಮುಂದುವರಿಸುವುದು ಹೇಗೆ?” ಇದನ್ನು ಕೇಳಿದವರಲ್ಲಿ ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಮದುವೆ, ಗೃಹಪ್ರವೇಶಗಳ ವಿಡಿಯೋ ಜೋಡಿಸಿ ನಾಲ್ಕು ಕಾಸು ಸಂಪಾದಿಸುವವರು ಹೆಚ್ಚು. ನಾನು ಈ ವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಸಂಘದ ಒಂದು ಕೆಲಸ ಕೆಟ್ಟಾಗ ಅದನ್ನು ಸರಿಪಡಿಸುವ ಹೊಣೆ ನನ್ನ ತಲೆಯ ಮೇಲೆ ಬಿದ್ದು, ಒಂಬತ್ತು ಭಾನುವಾರ ಒದ್ದಾಡಿ ಕಲಿತದ್ದು. ಅದನ್ನೇ ಹೇಳುತ್ತೇನೆ.

ಹೈದರಾಬಾದಿನಲ್ಲಿ ಕುಳಿತು ಕನ್ನಡದ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಹೊಸ ಸಂಗತಿಯೇನೂ ಅಲ್ಲ. 2000ರಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿಯು ಇದೇ ನಗರದ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಿಂದ ನಡೆಯುತ್ತಿತ್ತು. ಬೀದರ, ಕಲಬುರಗಿ, ರಾಯಚೂರು, ಧಾರವಾಡದ ಕಡೆಯ ಹುಡುಗರು ಅನೇಕರು ಅದರ ಕೆಲಸ ಹಿಡಿದು ಈ ಊರಿಗೆ ಬಂದರು. 2015ರಲ್ಲಿ ಆ ವಾಹಿನಿಯ ಹೆಸರು ಕಲರ್ಸ್ ಕನ್ನಡ ಎಂದಾಯಿತು. ಆಮೇಲೆ 2019ರಲ್ಲಿ ಈಟಿವಿ ಭಾರತ್ ಬಂದಾಗ ಮತ್ತೆ ಅಲ್ಲಿ ಕನ್ನಡದ ವಿಭಾಗ ತೆರೆಯಿತು. ಆದುದರಿಂದ ನಮ್ಮ ಕೂಟದಲ್ಲಿ ಈ ಕಸುಬನ್ನು ನನಗಿಂತ ಚೆನ್ನಾಗಿ ಬಲ್ಲವರು ಕುಳಿತಿರಬಹುದು. ತಪ್ಪಿದ್ದರೆ ಅವರು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಸಂಘದ ಕೆಲಸ ಕೆಟ್ಟಿತೆಂದೆನಲ್ಲ, ಅದು ಹೀಗೆ.

ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ಹೆಸರು ಹೇಳುವುದಿಲ್ಲ, ಇಲ್ಲಿ ಕುಳಿತ ಹಳಬರಿಗೆ ಗೊತ್ತೇ ಇದೆ. ಪ್ರತಿ ಸಂಜೆ ಆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೂ ಓದಿ ಏಳುತ್ತಿದ್ದವರು. ಬೀದರ ಜಿಲ್ಲೆಯ ಒಂದು ಹಳ್ಳಿಯಿಂದ 1952ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ದುಡಿಯಲು ಹೈದರಾಬಾದಿಗೆ ಬಂದವರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅವರ ಊರು ಅತ್ತ ಹೋಯಿತು, ಅವರ ಕೆಲಸ ಇತ್ತ ಉಳಿಯಿತು. “ನಾ ಎಲ್ಲಿಗೂ ಹೋಗಿಲ್ಲ ತಮ್ಮಾ, ರಾಜ್ಯನೇ ಎದ್ದು ಹೋಯ್ತು” ಎಂದು ನಗುತ್ತಿದ್ದರು.

ಅವರ ನೆನಪುಗಳನ್ನು ದಾಖಲೆ ಮಾಡಬೇಕೆಂದು ಸಂಘವು 2019ರಲ್ಲಿ ನಿಶ್ಚಯಿಸಿತು. ಒಂದು ಕ್ಯಾಮೆರಾ ಎರವಲು ತಂದು ಮೂರು ದಿನ ಅವರ ಮಾತನ್ನು ಚಿತ್ರಿಸಿದೆವು. ಒಟ್ಟು ನಾಲ್ಕು ಗಂಟೆಗೆ ಮೇಲ್ಪಟ್ಟು ಆಯಿತು. ಸಂಘದ ಒಬ್ಬ ತರುಣ ಸದಸ್ಯ ತನ್ನ ಮನೆಯಲ್ಲಿ ರಾತ್ರಿಗಳನ್ನು ಕಳೆದು ಅದನ್ನು ಇಪ್ಪತ್ತೆರಡು ನಿಮಿಷದ ಚಿತ್ರವನ್ನಾಗಿ ಮಾಡಿದ. ಆ ವರ್ಷದ ರಾಜ್ಯೋತ್ಸವದ ದಿನ ಇದೇ ಗೋಡೆಯ ಮೇಲೆ ಅದನ್ನು ತೋರಿಸಿದೆವು. ಎಲ್ಲರೂ ಮೆಚ್ಚಿದರು. ಹಿರಿಯರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಎಲ್ಲಾ ಛಲೋ ಮಾಡೀರಿ. ಆದ್ರ ನಮ್ಮೂರ ಹೆಸರು ತಪ್ಪು ಬರೆದೀರಿ ನೋಡು, ಒತ್ತಕ್ಷರ ಬಿಟ್ಟೀರಿ” ಎಂದರು. ಬರುವ ವಾರ ಸರಿಮಾಡಿಸುತ್ತೇವೆ ಎಂದು ನಾನು ಹೇಳಿದೆ.

ಆ ಬರುವ ವಾರ ಬರಲಿಲ್ಲ. ಮರುವರ್ಷ ಲಾಕ್‌ಡೌನ್ ಬಂತು. ತರುಣನಿಗೆ ಪುಣೆಯಲ್ಲಿ ಬೇರೆ ಉದ್ಯೋಗವಾಯಿತು. ಹೋಗುವಾಗ ಒಂದು ಹಾರ್ಡ್ ಡಿಸ್ಕನ್ನು ನನ್ನ ಕೈಗಿತ್ತು, “ಎಲ್ಲಾ ಇದರಲ್ಲಿದೆ” ಎಂದ. ನಾನೂ ಎಲ್ಲವೂ ಇದೆಯೆಂದೇ ನಂಬಿ, ಬಟ್ಟೆಯಲ್ಲಿ ಸುತ್ತಿ ಪುಸ್ತಕದ ಬೀರುವಿನಲ್ಲಿಟ್ಟೆ. ಹಿರಿಯರು 2022ರಲ್ಲಿ ತೀರಿಕೊಂಡರು. ಅವರ ಮಕ್ಕಳು ವರ್ಷಾಂತಿಕದ ಹೊತ್ತಿಗೆ ಆ ಚಿತ್ರವನ್ನು ಊರಿನಲ್ಲಿ ತೋರಿಸಬೇಕು, ಊರಿನ ಹೆಸರನ್ನು ತಿದ್ದಿ ಕೊಡಿ ಎಂದು ಕೇಳಿದರು. ತಂದೆಯ ಊರಿನಲ್ಲಿ ತಂದೆಯ ಚಿತ್ರ ತೋರಿಸುವಾಗ ಊರಿನ ಹೆಸರೇ ತಪ್ಪಿದ್ದರೆ ಜನ ಏನೆಂದಾರು!

ಡಿಸ್ಕನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರಲ್ಲಿ ಕ್ಯಾಮೆರಾದ ಕಾರ್ಡುಗಳಿಂದ ಇಳಿಸಿದ ಮೂರು ಫೋಲ್ಡರುಗಳಿದ್ದವು. ಸಂಕಲನದ ಪ್ರಾಜೆಕ್ಟ್ ಫೈಲು ಒಂದಿತ್ತು. ಅದು ನಮ್ಮಲ್ಲಿ ತೆರೆಯಲಿಲ್ಲ. ತರುಣನು ಬಳಸಿದ್ದು ತಿಂಗಳಿಗಿಷ್ಟೆಂದು ಬಾಡಿಗೆ ಕಟ್ಟುವ ಪ್ರೋಗ್ರಾಮು. ಅದು ಅವನು ಕೆಲಸ ಮಾಡುತ್ತಿದ್ದ ಕಡೆಯ ಖಾತೆಯಲ್ಲಿತ್ತು. ಕೆಲಸ ಬಿಟ್ಟ ದಿನವೇ ಖಾತೆಯೂ ಹೋಯಿತು.

ಇಲ್ಲಿ ಒಂದು ಮೂಲ ಸಂಗತಿಯನ್ನು ವಿವರಿಸಬೇಕು. ಇದು ತಿಳಿಯದೆ ನಾನು ಮೊದಲ ಎರಡು ಭಾನುವಾರ ವ್ಯರ್ಥ ಮಾಡಿದೆ. ಪ್ರಾಜೆಕ್ಟ್ ಫೈಲಿನೊಳಗೆ ಚಿತ್ರವಿರುವುದಿಲ್ಲ. ನಮ್ಮ ಮಿಲ್ಲಿನ ಉದಾಹರಣೆ ಕೊಡುತ್ತೇನೆ. ಹತ್ತಿಯ ಬೇಲುಗಳು ಗೋದಾಮಿನಲ್ಲಿರುತ್ತವೆ. ನನ್ನ ಮೇಜಿನ ಮೇಲಿರುವುದು ಲೆಡ್ಜರು. ಇಂಥ ಲಾಟಿನ ಇಂಥ ನಂಬರಿನ ಬೇಲು ಇಂಥ ದಿನ ಇಂಥ ಖಾತೆಗೆ ಹೋಯಿತು ಎಂದು ಅದರಲ್ಲಿ ಬರೆದಿರುತ್ತದೆ. ಲೆಡ್ಜರನ್ನು ಹಿಂಡಿದರೆ ಹತ್ತಿ ಬರುವುದಿಲ್ಲ. ಹಾಗೆಯೇ ಪ್ರಾಜೆಕ್ಟ್ ಫೈಲು ಒಂದು ಲೆಡ್ಜರು. ಯಾವ ಕ್ಲಿಪ್ಪಿನ ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ತೆಗೆದು, ಚಿತ್ರದ ಯಾವ ಜಾಗದಲ್ಲಿ ಇಡಬೇಕು, ಧ್ವನಿಯನ್ನು ಎಷ್ಟು ಏರಿಸಬೇಕು, ಬಣ್ಣವನ್ನು ಹೇಗೆ ಬದಲಿಸಬೇಕು ಎಂಬ ನಮೂದುಗಳು ಮಾತ್ರ ಅದರಲ್ಲಿರುತ್ತವೆ. ಪ್ರತಿಯೊಂದು ಕಂಪನಿಯ ಪ್ರೋಗ್ರಾಮೂ ತನ್ನ ಲೆಡ್ಜರನ್ನು ತನ್ನದೇ ಮೋಡಿ ಲಿಪಿಯಲ್ಲಿ ಬರೆದುಕೊಳ್ಳುತ್ತದೆ. ಇನ್ನೊಂದಕ್ಕೆ ಅದು ಓದಲು ಬಾರದು. ಒಂದೇ ಕಂಪನಿಯ ಹೊಸ ಆವೃತ್ತಿಯಲ್ಲಿ ಬರೆದದ್ದನ್ನು ಅದೇ ಕಂಪನಿಯ ಹಳೆಯ ಆವೃತ್ತಿ ಓದದಿರುವುದೂ ಸಾಮಾನ್ಯ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಎಲ್ಲರೂ ಓದಬಲ್ಲ ಸರಳ ಅಕ್ಷರದಲ್ಲಿ ನಮೂದುಗಳ ಒಂದು ಪಟ್ಟಿಯನ್ನು ಬರೆಸಿಕೊಂಡು, ಆ ಪಟ್ಟಿಯನ್ನು ಇನ್ನೊಂದು ಪ್ರೋಗ್ರಾಮಿಗೆ ಓದಿಸುವುದೇ ಆ ದಾರಿ. ಇದು ಕಂಪ್ಯೂಟರಿಗಿಂತ ಹಳೆಯ ಉಪಾಯ. ನಮ್ಮ ಕನ್ನಡ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಸಂಕಲನಕಾರರು ಕತ್ತರಿ ಹಾಕುತ್ತಿದ್ದದ್ದು ಮೂಲ ನೆಗೆಟಿವ್‌ಗೆ ಅಲ್ಲ, ಅದರ ಒಂದು ಪ್ರತಿಗೆ. ಫಿಲ್ಮಿನ ಅಂಚಿನಲ್ಲಿ ಸಣ್ಣ ಸಂಖ್ಯೆಗಳು ಅಚ್ಚಾಗಿರುತ್ತಿದ್ದವು. ಕೊನೆಗೆ ಆ ಅಂಚಿನ ಸಂಖ್ಯೆಗಳನ್ನು ನೋಡಿಕೊಂಡು, ಬೇರೊಬ್ಬರು ಬೇರೊಂದು ಮೇಜಿನ ಮೇಲೆ ಮೂಲ ನೆಗೆಟಿವನ್ನು ತಾಳೆ ಹಾಕಿ ಕತ್ತರಿಸುತ್ತಿದ್ದರು. ಆ ಸಂಖ್ಯೆಗಳ ಮೂಲಕ ಒಬ್ಬರ ನಿರ್ಧಾರ ಇನ್ನೊಬ್ಬರ ಕೈಗೆ ದಾಟುತ್ತಿತ್ತು.

ವಿಡಿಯೋ ಟೇಪು ಬಂದ ಮೇಲೆ ಅಮೆರಿಕದಲ್ಲಿ ಸಿ.ಬಿ.ಎಸ್. ಮತ್ತು ಮೆಮೊರೆಕ್ಸ್ ಎಂಬ ಎರಡು ಕಂಪನಿಗಳು ಕೂಡಿ ಸಿ.ಎಂ.ಎಕ್ಸ್. ಎಂಬ ಸಂಸ್ಥೆಯನ್ನು ಮಾಡಿ, 1971ರಲ್ಲಿ ಕಂಪ್ಯೂಟರಿನಿಂದ ಸಂಕಲನ ಮಾಡುವ ಯಂತ್ರವನ್ನು ಹೊರತಂದವು. ಆ ಮನೆತನದ ಯಂತ್ರಗಳು ಬರೆದುಕೊಡುತ್ತಿದ್ದ ಪಟ್ಟಿಗೆ ಇ.ಡಿ.ಎಲ್. ಎಂದು ಹೆಸರು. ಸಂಕಲನ ನಿರ್ಧಾರಗಳ ಪಟ್ಟಿ ಎಂದು ಕನ್ನಡದಲ್ಲಿ ಹೇಳಬಹುದು. ಸಿ.ಎಂ.ಎಕ್ಸ್. 3600 ಎಂಬ ಯಂತ್ರದ ಪಟ್ಟಿಯ ರೂಪವನ್ನು ಇಂದಿಗೂ ದೊಡ್ಡ ದೊಡ್ಡ ಪ್ರೋಗ್ರಾಮುಗಳು ಬರೆಯುತ್ತವೆ, ಓದುತ್ತವೆ. ಯಂತ್ರ ಯಾವಾಗಲೋ ಗುಜರಿಗೆ ಹೋಗಿದೆ, ಅದರ ಕೈಬರಹ ಉಳಿದಿದೆ.

ಆ ಪಟ್ಟಿಯನ್ನು ನೀವು ಯಾವುದೇ ಕಂಪ್ಯೂಟರಿನಲ್ಲಿ ಸಾಧಾರಣ ಬರಹದಂತೆ ತೆರೆದು ಓದಬಹುದು. ಗುಮಾಸ್ತರಿಗೆ ಅದು ಕಂಡೊಡನೆ ಪರಿಚಿತವೆನಿಸುತ್ತದೆ. ಒಂದು ಸಾಲು ಹೀಗಿರುತ್ತದೆ ಎನ್ನಿ: 14ನೆಯ ನಮೂದು, ಮೂರನೆಯ ಕಾರ್ಡು, ಚಿತ್ರ, ನೇರ ಕತ್ತರಿ, ಮೂಲದಲ್ಲಿ 12 ನಿಮಿಷ 7 ಸೆಕೆಂಡು 10ನೆಯ ಫ್ರೇಮಿನಿಂದ 12 ನಿಮಿಷ 15 ಸೆಕೆಂಡು 10ನೆಯ ಫ್ರೇಮಿನವರೆಗೆ, ಚಿತ್ರದಲ್ಲಿ 3 ನಿಮಿಷ 20 ಸೆಕೆಂಡಿನಿಂದ 3 ನಿಮಿಷ 28 ಸೆಕೆಂಡಿನವರೆಗೆ. ನಮ್ಮ ದೇಶದ ಟೆಲಿವಿಷನ್ ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮು. ಆದುದರಿಂದ ಈ ಎಂಟು ಸೆಕೆಂಡಿನ ತುಣುಕು 200 ಫ್ರೇಮು. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಎರಡೂ ತಾಳೆಯಾಗಬೇಕು. ಆದರೆ ಈ ಪಟ್ಟಿ ಬಹಳ ಬಡಪಾಯಿ. ಒಂದೇ ಪದರದ ಚಿತ್ರ, ನಾಲ್ಕು ಧ್ವನಿ ಹಾದಿ, ಹೆಚ್ಚೆಂದರೆ 999 ನಮೂದು. ಕಾರ್ಡಿನ ಹೆಸರಿಗೆ ಎಂಟೇ ಅಕ್ಷರ. ಟೈಟಲುಗಳು ಬರುವುದಿಲ್ಲ, ಬಣ್ಣ ಬರುವುದಿಲ್ಲ.

ಅದಕ್ಕಿಂತ ಸಿರಿವಂತವಾದದ್ದು ಎಕ್ಸ್.ಎಂ.ಎಲ್. ಎಂಬ ಬರಹದ ಪಟ್ಟಿ. ಇದರ ಹಿಂದೆ ಒಂದು ಕಥೆಯಿದೆ. ಆ್ಯಪಲ್ ಕಂಪನಿಯ ಫೈನಲ್ ಕಟ್ ಪ್ರೋ ಎಂಬ ಪ್ರೋಗ್ರಾಮು 1999ರಲ್ಲಿ ಬಂದು ಜಗತ್ತಿನಾದ್ಯಂತ ಸಂಕಲನಕಾರರ ಕೈಗೆ ಹತ್ತಿತು. 2011ರ ಜೂನಿನಲ್ಲಿ ಕಂಪನಿಯು ಅದನ್ನು ಪೂರ್ತಿ ಹೊಸದಾಗಿ ಬರೆದು, ಫೈನಲ್ ಕಟ್ ಪ್ರೋ ಹತ್ತು ಎಂದು ಹೊರತಂದಿತು. ಹೊಸದು ಹಳೆಯದರ ಪ್ರಾಜೆಕ್ಟುಗಳನ್ನು ತೆರೆಯುತ್ತಿರಲಿಲ್ಲ! ಹೆಸರು ಅದೇ, ಕಂಪನಿ ಅದೇ, ಆದರೆ ಹತ್ತು ಹನ್ನೆರಡು ವರ್ಷ ಅದರಲ್ಲಿ ದುಡಿದವರ ಲೆಡ್ಜರುಗಳು ಅದಕ್ಕೆ ಓದಲು ಬಾರವು. ದೊಡ್ಡ ಗದ್ದಲವಾಯಿತು. ಅನೇಕರು ಬೇಸತ್ತು ಪ್ರೀಮಿಯರ್ ಪ್ರೋ, ಏವಿಡ್ ಮೀಡಿಯಾ ಕಂಪೋಸರ್ ಕಡೆಗೆ ಹೊರಟರು. ಹಳೆಯ ಫೈನಲ್ ಕಟ್ ಬರೆಯುತ್ತಿದ್ದ ಎಕ್ಸ್.ಎಂ.ಎಲ್. ಪಟ್ಟಿ ಆಗ ಅವರ ಕೈಹಿಡಿಯಿತು. ಪ್ರೀಮಿಯರ್ ಪ್ರೋ ಮತ್ತು ಡಾವಿಂಚಿ ರಿಸಾಲ್ವ್ ಇಂದಿಗೂ ಅದೇ ಹಳೆಯ ರೂಪವನ್ನು ಓದುತ್ತವೆ, ಬರೆಯುತ್ತವೆ. ಧ್ವನಿಯ ಕೆಲಸದವರಿಗೆ ಕಳಿಸುವುದಾದರೆ ಎ.ಎ.ಎಫ್. ಎಂಬ ಇನ್ನೊಂದು ರೂಪವಿದೆ. ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ಹುಟ್ಟಿ, ಈಗ ಎಲ್ಲರಿಗೂ ಉಚಿತವಾಗಿ ತೆರೆದಿರುವ ಓಪನ್ ಟೈಮ್‌ಲೈನ್ ಐ.ಓ. ಎಂಬುದೂ ಇದೆ. ರಿಸಾಲ್ವ್, ಕೇಡೆನ್‌ಲೈವ್ ಮುಂತಾದವು ಅದನ್ನು ಬಲ್ಲವು.

ಈಗ ನಮ್ಮ ಚಿತ್ರಕ್ಕೆ ಬರೋಣ. ಆ ಬಾಡಿಗೆಯ ಪ್ರೋಗ್ರಾಮು ಇದ್ದ ಒಬ್ಬ ಪರಿಚಿತರನ್ನು ಹುಡುಕಿ, ಅವರ ಅಂಗಡಿಯಲ್ಲಿ ಅರ್ಧ ಗಂಟೆ ಬೇಡಿಕೊಂಡು ಪ್ರಾಜೆಕ್ಟನ್ನು ತೆರೆಸಿದೆವು. ಪರದೆಯೆಲ್ಲ ಕೆಂಪು. ಲೆಡ್ಜರು ಸರಿಯಾಗಿತ್ತು, ಗೋದಾಮಿನ ವಿಳಾಸ ಮಾತ್ರ ತರುಣನ ಮನೆಯ ಕಂಪ್ಯೂಟರಿನದು. ಅಲ್ಲೇ ಎಕ್ಸ್.ಎಂ.ಎಲ್. ಪಟ್ಟಿಯನ್ನು ಬರೆಸಿಕೊಂಡು ಬಂದೆವು. ವಾಚನಾಲಯದ ಕಂಪ್ಯೂಟರು ಮುದಿಯಾದುದರಿಂದ ಒಬ್ಬ ಸದಸ್ಯರ ಮನೆಯ ಕಂಪ್ಯೂಟರಿನಲ್ಲಿ ರಿಸಾಲ್ವನ್ನು ಹಾಕಿಕೊಂಡೆವು. ಅದರ ಉಚಿತ ಆವೃತ್ತಿಯೇ ನಮ್ಮಂಥವರಿಗೆ ಧಾರಾಳವಾಗಿ ಸಾಕು. ಪಟ್ಟಿಯನ್ನು ಓದಿಸಿ, ಡಿಸ್ಕಿನ ಫೋಲ್ಡರುಗಳನ್ನು ತೋರಿಸಿ, ಇಲ್ಲಿ ಹುಡುಕಿಕೋ ಎಂದೆವು. ಒಂದು ನಿಮಿಷದಲ್ಲಿ ಕೆಂಪೆಲ್ಲ ಮಾಯವಾಗಿ ಚಿತ್ರ ತುಂಬಿಕೊಂಡಿತು. ನಾವು ಚಹಾ ತರಿಸಿ ಕುಡಿದೆವು.

ಚಹಾ ಮುಗಿಸಿ ಚಿತ್ರವನ್ನು ಓಡಿಸಿದಾಗ ಹಿರಿಯರೂ ಚಹಾ ಕುಡಿಯುತ್ತಿದ್ದರು. ಮಾತನಾಡಬೇಕಾದ ಜಾಗದಲ್ಲಿ ಸುಮ್ಮನೆ ಚಹಾ ಕುಡಿಯುತ್ತಿದ್ದರು! ಮುಂದಿನ ತುಣುಕಿನಲ್ಲಿ ಖಾಲಿ ಕುರ್ಚಿ. ಆದದ್ದಿಷ್ಟು. ಆ ಕ್ಯಾಮೆರಾ ಪ್ರತಿಯೊಂದು ಹೊಸ ಕಾರ್ಡಿಗೂ ಮೊದಲಿನಿಂದ ಒಂದು, ಎರಡು, ಮೂರು ಎಂದು ಹೆಸರಿಡುತ್ತಿತ್ತು. ಮೂರು ಕಾರ್ಡಿನಲ್ಲಿಯೂ ನಾಲ್ಕನೆಯ ನಂಬರಿನ ಕ್ಲಿಪ್ಪು ಇತ್ತು. ಮೂರನೆಯ ಕಾರ್ಡಿನ ನಾಲ್ಕು ಬೇಕಾದಲ್ಲಿ ಮೊದಲನೆಯ ಕಾರ್ಡಿನ ನಾಲ್ಕು ಬಂದು ಕುಳಿತಿತ್ತು. ಲಾಟಿನ ಗುರುತಿಲ್ಲದೆ ಬೇಲಿನ ನಂಬರು ಮಾತ್ರ ಬರೆದರೆ ಏನಾಗುತ್ತದೆಂದು ಮಿಲ್ಲಿನಲ್ಲಿ ಹೊಸ ಹುಡುಗರಿಗೆ ಬೈಯುವವನು ನಾನು. ಕಾರ್ಡಿನಿಂದ ಇಳಿಸಿದ ದಿನವೇ, ಸಂಕಲನಕ್ಕೆ ಮುಟ್ಟುವ ಮುಂಚೆ, ಪ್ರತಿ ಕ್ಲಿಪ್ಪಿನ ಹೆಸರಿನ ಹಿಂದೆ ಕಾರ್ಡಿನ ಗುರುತು ಮತ್ತು ತಾರೀಖನ್ನು ಸೇರಿಸಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ನೆನಪಿರಲಿ, ಮುಂಚೆ. ಸಂಕಲನ ಶುರುವಾದ ಮೇಲೆ ಹೆಸರು ಬದಲಿಸಿದರೆ ಲೆಡ್ಜರು ಕುರುಡಾಗುತ್ತದೆ.

ತಪ್ಪು ತುಣುಕುಗಳನ್ನು ಕಂಡುಹಿಡಿಯುವುದಕ್ಕೆ ನಮಗೆ ನೆರವಾದದ್ದು ರಾಜ್ಯೋತ್ಸವದ ದಿನ ವಾಟ್ಸಾಪಿನಲ್ಲಿ ಹಂಚಿದ್ದ ಮುಗಿದ ಚಿತ್ರದ ಪ್ರತಿ. ಅದನ್ನು ಟೈಮ್‌ಲೈನಿನ ಮೇಲಿನ ಪದರದಲ್ಲಿಟ್ಟು, ಕೆಳಗಿನ ಹೊಸ ಜೋಡಣೆಯೊಡನೆ ಒಂದೊಂದೇ ಕತ್ತರಿಯನ್ನು ತಾಳೆ ನೋಡಿದೆವು. ಕಸುಬಿನವರೂ ಹೀಗೆಯೇ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಪಟ್ಟಿಯನ್ನು ಕಳಿಸುವಾಗ ಜೊತೆಗೆ ನೋಡುವುದಕ್ಕೊಂದು ಮುಗಿದ ಪ್ರತಿಯನ್ನು ಅವರು ತಪ್ಪದೆ ಕಳಿಸುತ್ತಾರೆ.

ತಾಳೆ ನೋಡುವಾಗ ಇನ್ನೂ ಕೆಲವು ದೋಷಗಳು ಹೊರಬಿದ್ದವು. ಹಳೆಯ ಫೋಟೋಗಳಲ್ಲಿ ಹಿರಿಯರ ತಲೆ ಚೌಕಟ್ಟಿನ ಹೊರಗೆ ಹೋಗಿತ್ತು. ಒಂದು ಪ್ರೋಗ್ರಾಮು ಫೋಟೋವನ್ನು ಅದರ ನಿಜ ಅಳತೆಯಲ್ಲಿಟ್ಟರೆ ಇನ್ನೊಂದು ಚೌಕಟ್ಟಿಗೆ ಹಿಡಿಸುವಂತೆ ಕುಗ್ಗಿಸಿಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಮಾಡಿದ ಹಿಗ್ಗಿಸುವಿಕೆ ಲೆಕ್ಕ ತಪ್ಪುತ್ತದೆ. ಕತ್ತರಿಗಳು ಮತ್ತು ಸಾಧಾರಣ ಕರಗುವಿಕೆಗಳು ಸರಿಯಾಗಿ ಬಂದವು. ತರುಣನು ಬೇರೆ ಕಡೆಯಿಂದ ತಂದು ಸೇರಿಸಿದ್ದ ಬಣ್ಣದ ಚಮತ್ಕಾರಗಳು ಒಂದೂ ಬರಲಿಲ್ಲ. ಅದಕ್ಕೆ ನನಗೇನೂ ದುಃಖವಿಲ್ಲ, ಹಿರಿಯರ ಮುಖಕ್ಕೆ ಅಷ್ಟು ಕಿತ್ತಳೆ ಬಣ್ಣ ಬೇಕಿರಲಿಲ್ಲ.

ಫೋನಿನಲ್ಲಿ ತೆಗೆದ ತುಣುಕುಗಳಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಯಿತು. ಇದು ನಮ್ಮಲ್ಲಿ ಬಹಳ ಮಂದಿಗೆ ಆಗುವ ತೊಂದರೆಯಾದುದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಕ್ಯಾಮೆರಾ ಸೆಕೆಂಡಿಗೆ 25 ಎಂದರೆ 25 ಫ್ರೇಮು ತೆಗೆಯುತ್ತದೆ. ಫೋನು ಹಾಗಲ್ಲ. ಬೆಳಕು ಕಡಿಮೆಯಾದರೆ, ಮೈ ಬಿಸಿಯಾದರೆ, ಒಮ್ಮೆ 30, ಒಮ್ಮೆ 28 ಎಂದು ತನಗೆ ಬಂದಂತೆ ತೆಗೆಯುತ್ತದೆ. ಒಂದೊಂದು ಪ್ರೋಗ್ರಾಮು ಈ ಏರಿಳಿತವನ್ನು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತದೆ. ಏರಿಳಿತವಿಲ್ಲದಿದ್ದರೂ ಅಳತೆಯ ಸಣ್ಣ ವ್ಯತ್ಯಾಸ ಸಾಕು. 29.97 ಫ್ರೇಮಿನದನ್ನು 30 ಎಂದು ಲೆಕ್ಕ ಹಿಡಿದರೆ ಒಂದು ಗಂಟೆಗೆ 108 ಫ್ರೇಮು, ಅಂದರೆ ಮೂರೂವರೆ ಸೆಕೆಂಡಿಗಿಂತ ಹೆಚ್ಚು ಅಂತರ ಬೀಳುತ್ತದೆ. ಆದುದರಿಂದ ಫೋನಿನ ವಿಡಿಯೋವನ್ನು ಸಂಕಲನಕ್ಕೆ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮಿನಿಂದ ಒಂದೇ ವೇಗಕ್ಕೆ ತಂದುಕೊಂಡು, ಆ ಹೊಸ ಪ್ರತಿಯನ್ನೇ ಬಳಸತಕ್ಕದ್ದು. ಅದರ ಪಟ್ಟಿಯಲ್ಲಿ ಸ್ಥಿರ ಫ್ರೇಮ್ ವೇಗ ಎಂಬರ್ಥದ ಗುಂಡಿಯನ್ನು ಒತ್ತುವುದನ್ನು ಮರೆಯಬಾರದು.

ಇನ್ನು ಕನ್ನಡ ಅಕ್ಷರ. ಇಷ್ಟೆಲ್ಲ ಪಾಡು ಪಟ್ಟದ್ದು ಒಂದು ಒತ್ತಕ್ಷರಕ್ಕಾಗಿ ಎಂಬುದನ್ನು ಮರೆಯದಿರೋಣ. ಹೊಸ ಪ್ರೋಗ್ರಾಮಿನಲ್ಲಿ ಟೈಟಲುಗಳಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಕಂಸಗಳ ಸಂತೆ ನೆರೆದಿತ್ತು. ತರುಣನು ನುಡಿ, ಬರಹಗಳಲ್ಲಿರುವಂಥ ಹಳೆಯ ಮಾದರಿಯ ಫಾಂಟಿನಲ್ಲಿ ಟೈಟಲು ಬರೆದಿದ್ದ. ಆ ಮಾದರಿಯಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷಿನ ಸಂಕೇತ. ಅದರ ಮೇಲೆ ಕನ್ನಡದ ಆಕಾರವನ್ನು ಹೊದಿಸಿರುತ್ತಾರೆ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದೊಡನೆ ಹೊದಿಕೆ ಜಾರಿ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಅದರಲ್ಲಿ ಬರೆದದ್ದು ಎಲ್ಲಿ ಹೋದರೂ ಕನ್ನಡವಾಗಿಯೇ ಇರುತ್ತದೆ. ಹಾಗಿದ್ದೂ ಯೂನಿಕೋಡಿನಲ್ಲಿಯೂ ಒಂದು ಅಡ್ಡಿಯುಂಟು. ಕ ಕೆಳಗೆ ಷ ಕೂಡಿಸಿ ಕ್ಷ ಮಾಡುವ, ತ ಕೆಳಗೆ ತ ಇಡುವ ಕೆಲಸವನ್ನು ಪ್ರೋಗ್ರಾಮು ತಾನೇ ಮಾಡಬೇಕು. ಪ್ರೀಮಿಯರ್ ಪ್ರೋದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಅಕ್ಷರ ಜೋಡಣೆಯನ್ನು ಆರಿಸಿಕೊಳ್ಳುವ ಏರ್ಪಾಡು ಅದರ ಸೆಟ್ಟಿಂಗುಗಳಲ್ಲಿದೆ. ಅದನ್ನು ಆರಿಸದಿದ್ದರೆ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ನಿಲ್ಲುತ್ತವೆ. ನಮ್ಮ ಹಿರಿಯರ ಊರಿನ ಹೆಸರು ಕೆಟ್ಟದ್ದೂ ಹೀಗೆಯೇ ಎಂದು ನನ್ನ ಊಹೆ. ತರುಣನು ಎರಡು ಬಾರಿ ಬರೆದು, ಒತ್ತಕ್ಷರ ಸರಿಬರದೆ, ಕೊನೆಗೆ ಅದಿಲ್ಲದೆಯೇ ಬಿಟ್ಟಿರಬೇಕು. ಅವನು ಬರೆಯಬಲ್ಲವನೇ, ತಪ್ಪು ಅವನದಲ್ಲ.

ಈ ಕಾರಣದಿಂದ ಟೈಟಲುಗಳನ್ನು ಪಟ್ಟಿಯ ಮೂಲಕ ದಾಟಿಸುವ ಆಸೆಯನ್ನೇ ಬಿಡುವುದು ಮೇಲು. ಟೈಟಲನ್ನು ಹಿನ್ನೆಲೆಯಿಲ್ಲದ ಪಿ.ಎನ್.ಜಿ. ಚಿತ್ರವಾಗಿ ಉಳಿಸಿಕೊಂಡರೆ ಅದು ಫೋಟೋದಂತೆ ಎಲ್ಲ ಪ್ರೋಗ್ರಾಮಿಗೂ ಹೋಗುತ್ತದೆ. ಮಾತಿನ ಕೆಳಬರಹವಾದರೆ ಎಸ್.ಆರ್.ಟಿ. ಎಂಬ ಸಾದಾ ಬರಹದ ಫೈಲು ಸಾಕು. ಸಾಲಿನ ಸಂಖ್ಯೆ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಕನ್ನಡದ ಮಾತು, ಇಷ್ಟೇ ಅದರಲ್ಲಿ. ಉಳಿಸುವಾಗ ಯು.ಟಿ.ಎಫ್. ಎಂಟು ಎಂಬುದನ್ನು ಆರಿಸಬೇಕು. ನಾವು ಊರಿನ ಹೆಸರನ್ನು ನೋಟೋ ಎಂಬ ಉಚಿತ ಯೂನಿಕೋಡ್ ಫಾಂಟಿನಲ್ಲಿ ಬರೆದು ಪಿ.ಎನ್.ಜಿ. ಮಾಡಿ ಕೂರಿಸಿದೆವು. ಒತ್ತಕ್ಷರ ತನ್ನ ಸ್ಥಾನದಲ್ಲಿ ಕುಳಿತಿತು.

ಇಷ್ಟಾದರೂ ಒಂದು ಕೆಂಪು ಪಟ್ಟಿ ಉಳಿದಿತ್ತು. ಹದಿನೇಳನೆಯ ನಿಮಿಷದಲ್ಲಿ ನಲವತ್ತು ಸೆಕೆಂಡು. ಲೆಡ್ಜರಿನಲ್ಲಿ ಅದರ ವಿಳಾಸ ತರುಣನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನದಾಗಿತ್ತು. ಹಿರಿಯರು ಚಿತ್ರೀಕರಣ ಮುಗಿದ ಮೇಲೆ ಒಂದು ಸಂಜೆ ಇಲ್ಲೇ ಬೆಂಚಿನ ಮೇಲೆ ಕುಳಿತು, 1956ರ ಅಕ್ಟೋಬರ್ 31ರ ರಾತ್ರಿ ತಮ್ಮ ಕೋಣೆಯಲ್ಲಿ ಮಲಗಿದ್ದ ಏಳು ಜನ ಹುಡುಗರ ಹೆಸರನ್ನು ಒಂದೊಂದಾಗಿ ಹೇಳಿದ್ದರು. ಯಾರು ಬೆಳಗಾದ ಮೇಲೆ ಊರಿಗೆ ಹೋಗುತ್ತೇನೆಂದ, ಯಾರು ಹೋಗಿ ತಿರುಗಿ ಬಂದ, ಯಾರು ಅಳುತ್ತಿದ್ದ ಎಂದು. ಯಾರೋ ಫೋನಿನಲ್ಲಿ ತೆಗೆದು ತರುಣನಿಗೆ ಕಳಿಸಿದ್ದರು. ಅವನು ಅದನ್ನು ಇಳಿಸಿಕೊಂಡ ಜಾಗದಿಂದಲೇ ಚಿತ್ರಕ್ಕೆ ಎಳೆದುಕೊಂಡಿದ್ದ. ಡಿಸ್ಕಿಗೆ ಮೂರು ಕಾರ್ಡುಗಳ ಫೋಲ್ಡರನ್ನು ತುಂಬುವಾಗ ಇದು ಅದರಲ್ಲಿಲ್ಲವೆಂದು ಅವನಿಗೆ ಹೊಳೆಯಲಿಲ್ಲ. ಪುಣೆಗೆ ಫೋನು ಮಾಡಿ ಕೇಳಿದೆ. ಆ ಕಂಪ್ಯೂಟರನ್ನು ಮಾರಿದ್ದ. ತೆಗೆದವರ ಫೋನೂ ಬದಲಾಗಿತ್ತು. “ಅಣ್ಣಾ, ನಾನು ಎಲ್ಲಾ ಇದೆ ಅಂದಿದ್ದೆ” ಎಂದು ಆ ಕಡೆ ಬಹಳ ಹೊತ್ತು ಸುಮ್ಮನಾದ.

ಆ ಏಳು ಹೆಸರು ಈಗ ಇರುವುದು ವಾಟ್ಸಾಪಿನ ಪ್ರತಿಯೊಂದರಲ್ಲಿಯೇ. ಅದು ಎಷ್ಟು ಕುಗ್ಗಿದೆಯೆಂದರೆ ಅವರ ಕಣ್ಣು ಮೂಗು ಬೆರೆತುಹೋಗಿವೆ. ಧ್ವನಿಯನ್ನು ಮಾತ್ರ ಅದರಿಂದ ತೆಗೆದುಕೊಂಡು, ಅದರ ಮೇಲೆ ಈ ಕಿಟಕಿ ಬೆಂಚಿನ ಒಂದು ಫೋಟೋವನ್ನು ಇಟ್ಟೆವು. ಮನೆಯವರು ನೋಡಿ ಏನೂ ಅನ್ನಲಿಲ್ಲ. ಊರಿನಲ್ಲಿ ತೋರಿಸಿದಾಗ ಆ ಏಳರಲ್ಲಿ ಒಬ್ಬರ ತಂಗಿ, ಬಹಳ ವಯಸ್ಸಾದವರು, ಆ ಜಾಗವನ್ನು ಮೂರು ಸಲ ಹಾಕಿಸಿ ಕೇಳಿದರಂತೆ.

ಈ ಅನುಭವದಿಂದ ನಾವು ವಾಚನಾಲಯದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಕೆಲಸಕ್ಕೊಂದು ದೊಡ್ಡ ಫೋಲ್ಡರು. ಚಿತ್ರ, ಧ್ವನಿ, ಫೋಟೋ, ಫಾಂಟು, ಯಾವುದೂ ಮೊದಲು ಆ ಫೋಲ್ಡರಿಗೆ ಬಾರದೆ ಟೈಮ್‌ಲೈನಿಗೆ ಹೋಗಕೂಡದು. ಮುಗಿದ ದಿನ ಆ ಫೋಲ್ಡರಿಗೆ ಪ್ರಾಜೆಕ್ಟಿನ ಜೊತೆಗೆ ಎಕ್ಸ್.ಎಂ.ಎಲ್. ಪಟ್ಟಿಯನ್ನೂ, ಇ.ಡಿ.ಎಲ್. ಪಟ್ಟಿಯನ್ನೂ, ಕುಗ್ಗಿಸದ ಮುಗಿದ ಪ್ರತಿಯನ್ನೂ ಬರೆಸಿ ಹಾಕುತ್ತೇವೆ. ಬಾಡಿಗೆ ಚಾಲ್ತಿಯಲ್ಲಿರುವಾಗಲೇ ಇದನ್ನು ಮಾಡತಕ್ಕದ್ದು. ಮನೆ ಖಾಲಿ ಮಾಡಿ ಬೀಗ ಕೊಟ್ಟ ಮೇಲೆ ಅಟ್ಟದ ಮೇಲಿನ ಪಾತ್ರೆ ನೆನಪಾದರೆ ಮಾಲೀಕರು ಬಾಗಿಲು ತೆಗೆಯುವುದಿಲ್ಲ. ರಿಸಾಲ್ವ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಅದು ಪ್ರಾಜೆಕ್ಟನ್ನು ಕ್ಲಿಪ್ಪುಗಳ ಪಕ್ಕದಲ್ಲಿ ಫೈಲಾಗಿ ಇಡುವುದಿಲ್ಲ, ತನ್ನ ಒಳಗಿನ ಉಗ್ರಾಣದಲ್ಲಿಟ್ಟುಕೊಳ್ಳುತ್ತದೆ. ಫೋಲ್ಡರು ನಕಲು ಮಾಡಿದರೆ ಪ್ರಾಜೆಕ್ಟು ಜೊತೆಗೆ ಬಂದಿತೆಂದು ಭ್ರಮಿಸಬೇಡಿ, ಬೇರೆಯಾಗಿ ಹೊರತೆಗೆಯಬೇಕು. ಕೇಡೆನ್‌ಲೈವ್, ಶಾಟ್‌ಕಟ್‌ಗಳ ಪ್ರಾಜೆಕ್ಟು ಸಾದಾ ಬರಹವಾದುದರಿಂದ ತೆರೆದು ವಿಳಾಸವನ್ನು ಕೈಯಿಂದಲೇ ತಿದ್ದಬಹುದು. ಅವು ಉಚಿತ, ಹಳೆಯ ಕಂಪ್ಯೂಟರಿಗೂ ಸಾಕು. ನನ್ನ ಒಲವು ಆ ಕಡೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಟೆಲಿವಿಷನ್ನಿನವರಿಂದ ಕಲಿತ ಇನ್ನೊಂದು ಕ್ರಮ ಇದೆ. ನನ್ನ ಮಟ್ಟಿಗೆ ಇದು ಮೇಲಿನ ಎಲ್ಲದಕ್ಕಿಂತ ದೊಡ್ಡದು. ಒಂದು ಭಾಷೆಯ ಧಾರಾವಾಹಿಯನ್ನು ಇನ್ನೊಂದಕ್ಕೆ ಡಬ್ ಮಾಡಲು ಕೊಡುವಾಗ ಅವರು ಪ್ರಾಜೆಕ್ಟನ್ನು ಕೊಡುವುದಿಲ್ಲ. ಟೈಟಲು ಇಲ್ಲದ ಖಾಲಿ ಚಿತ್ರದ ಪ್ರತಿಯೊಂದು, ಮಾತಿಲ್ಲದ ಸಂಗೀತ ಮತ್ತು ಸದ್ದುಗಳ ಧ್ವನಿಯೊಂದು, ಹೀಗೆ ಬಿಡಿಸಿ ಕೊಡುತ್ತಾರೆ. ನಮ್ಮ ಹಿರಿಯರ ಚಿತ್ರಕ್ಕೆ ಟೈಟಲು ಇಲ್ಲದ ಪ್ರತಿಯೊಂದು ಇದ್ದಿದ್ದರೆ, ಯಾವ ಪ್ರೋಗ್ರಾಮಿನಲ್ಲಾದರೂ ಅದರ ಮೇಲೆ ಊರಿನ ಹೆಸರು ಬರೆದು ಹತ್ತು ನಿಮಿಷದಲ್ಲಿ ಮುಗಿಸಬಹುದಿತ್ತು, ಅದೂ ಅವರಿದ್ದಾಗಲೇ. ಮದುವೆಯ ವಿಡಿಯೋ ಮಾಡುವವರೂ ಹೆಸರು, ತಾರೀಖು ತಪ್ಪಿತೆಂದು ಗಿರಾಕಿ ಬಂದು ಜಗಳ ಮಾಡುವ ಮುಂಚೆ ಇಂಥ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.

ಫೋನಿನಲ್ಲಿಯೇ ಎಡಿಟ್ ಮಾಡುವ ತಮ್ಮಂದಿರಿಗೆ ಒಂದು ಮಾತು. ಕೈನ್‌ಮಾಸ್ಟರಿನಂಥವು ಪ್ರಾಜೆಕ್ಟನ್ನು ಹೊರಗೆ ಕೊಡುತ್ತವೆ, ಆದರೆ ಅದನ್ನು ಓದುವುದು ಇನ್ನೊಂದು ಕೈನ್‌ಮಾಸ್ಟರ್ ಮಾತ್ರ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪುಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ವಿವಾ ವಿಡಿಯೋ ಎಂಬ ಎಡಿಟಿಂಗ್ ಆ್ಯಪೂ ಇತ್ತು. ಫೋನು ಕೆಟ್ಟು ಹೊಸದು ಕೊಂಡವರು ಅದನ್ನು ಅಂಗಡಿಯಿಂದ ಮತ್ತೆ ಇಳಿಸಿಕೊಳ್ಳುವಂತಿರಲಿಲ್ಲ. ಫೋನಿನಲ್ಲಿ ಮಾಡಿದ ಕೆಲಸಕ್ಕೆ ಟೈಟಲು ಇಲ್ಲದ ಪ್ರತಿ ಮತ್ತು ಮೂಲ ಕ್ಲಿಪ್ಪುಗಳು ಕಂಪ್ಯೂಟರಿಗೆ ಇಳಿದ ಮೇಲೆಯೇ ಆ ಕೆಲಸ ಮುಗಿದಂತೆ.

ಪ್ರತಿ ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ನಾನು ವಾಚನಾಲಯದಲ್ಲಿರುತ್ತೇನೆ, ಎರಡನೆಯ ಭಾನುವಾರ ಮಾತ್ರ ಮಿಲ್ಲಿನ ಸ್ಟಾಕ್ ತೆಗೆಯುವ ದಿನವಾದುದರಿಂದ ಇರುವುದಿಲ್ಲ. ಹಳೆಯ ಪ್ರಾಜೆಕ್ಟು ತೆರೆಯದೆ ಕಷ್ಟಪಡುತ್ತಿರುವವರು ಡಿಸ್ಕನ್ನೂ, ಅದರ ಜೊತೆಗೆ ಆ ಚಿತ್ರದ ಯಾವುದಾದರೊಂದು ಮುಗಿದ ಪ್ರತಿಯನ್ನೂ ತರಬೇಕು. ವಾಟ್ಸಾಪಿನದಾದರೂ ಸರಿ. ಚಹಾದ ಖರ್ಚನ್ನು ಸಂಘ ವಹಿಸುತ್ತದೆಂದು ಕಾರ್ಯದರ್ಶಿಗಳು ತಲೆಯಾಡಿಸುತ್ತಿದ್ದಾರೆ.